ಬಿಚ್ಚಲಾಗದ ಕಂಠಾಭರಣ

ಒಂಬತ್ತನೆಯ ಶತಮಾನದಲ್ಲಿ ತಿರುಳ್ಗನ್ನಡ ಯಾವ ಸೀಮೆಯದೆಂದು ಹೇಳಹೊರಟ ಕವಿರಾಜಮಾರ್ಗವು ನಾಲ್ಕು ಊರುಗಳನ್ನು ಹೆಸರಿಸುತ್ತದೆ: ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ. ಮೊದಲನೆಯದು ಇಂದಿನ ಪಟ್ಟದಕಲ್ಲು, ಮೂರನೆಯದು ಲಕ್ಷ್ಮೇಶ್ವರ, ಕೊನೆಯದು ಬೆಳಗಾವಿ ಜಿಲ್ಲೆಯ ಒಕ್ಕುಂದ. ಎರಡನೆಯದಾದ ಕೊಪಣನಗರವನ್ನು ವಿದ್ವಾಂಸರು ಕೊಪ್ಪಳವೆಂದು ಗುರುತಿಸಿದ್ದಾರೆ. ೧೯೯೭ರಲ್ಲಿ ರಾಯಚೂರಿನಿಂದ ಬೇರ್ಪಟ್ಟು, ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕುಗಳೊಡನೆ ರೂಪುಗೊಂಡ ಜಿಲ್ಲೆಗೆ ಹೆಸರಿತ್ತ ಊರು ಇದೇ. ಭಾಷೆಯ ಚರಿತ್ರೆಯಲ್ಲಿ ಈ ಸೀಮೆಗೆ ಇರುವ ಮನ್ನಣೆಯನ್ನು ಬಲ್ಲವರು ಬಹಳ ಮಂದಿ. ಆದರೆ ಅದೇ ಕಾಲದಲ್ಲಿ, ಅದೇ ದೊರೆಯ ಆಳ್ವಿಕೆಯಲ್ಲಿ ಹುಟ್ಟಿದ ಇನ್ನೊಂದು ಗ್ರಂಥದ ಅಂಕೆಗಳು, ಇಪ್ಪತ್ತನೆಯ ಶತಮಾನದ ಗಣಿತಜ್ಞರನ್ನು ಕಾಡಿದ ಒಂದು ಮಹಾಸಂಖ್ಯೆಯ ಹೊಸ್ತಿಲಿಗೆ ನಮ್ಮನ್ನು ಕರೆದೊಯ್ಯುತ್ತವೆಂಬುದನ್ನು ಬಲ್ಲವರು ಕಡಮೆ.

ಆ ದೊರೆ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗ. ಕ್ರಿ.ಶ. ೮೧೪ರಿಂದ ೮೭೮ರವರೆಗೆ ಮಾನ್ಯಖೇಟದಿಂದ ರಾಜ್ಯವಾಳಿದವನು. ಆ ಗ್ರಂಥ ಗಣಿತಸಾರಸಂಗ್ರಹ. ಸುಮಾರು ೮೫೦ರಲ್ಲಿ ಅದನ್ನು ಸಂಸ್ಕೃತದಲ್ಲಿ ರಚಿಸಿದವನು ಜೈನ ಪಂಡಿತ ಮಹಾವೀರಾಚಾರ್ಯ. ಗ್ರಂಥದ ಆರಂಭದಲ್ಲಿ ನೃಪತುಂಗನ ಸ್ತುತಿಯುಂಟು. ಕವಿಯ ಊರಿನ ಹೆಸರಿಲ್ಲ. ಆದುದರಿಂದ ಆಚಾರ್ಯನು ಕೊಪ್ಪಳದವನೆಂದು ಹೇಳುವ ಸಾಹಸಕ್ಕೆ ನಾನು ಹೋಗುವುದಿಲ್ಲ. ಕೊಪಣವು ಜೈನರ ಮಹಾತೀರ್ಥವಾಗಿತ್ತು, ಆಚಾರ್ಯನು ಜೈನನಾಗಿದ್ದನು, ಇಬ್ಬರ ಮೇಲೂ ಒಂದೇ ಬೆಳ್ಗೊಡೆಯ ನೆರಳಿತ್ತು ಎಂಬಷ್ಟು ಸಾಕು. ಆ ಯುಗವನ್ನು ಕಣ್ಣಾರೆ ಕಾಣಬಯಸುವವರು, ಹಿಂದೆ ಯಲಬುರ್ಗಾ ತಾಲ್ಲೂಕಿಗೆ ಸೇರಿದ್ದು ಈಗ ತಾನೇ ತಾಲ್ಲೂಕು ಕೇಂದ್ರವಾಗಿರುವ ಕುಕನೂರಿಗೆ ಹೋಗಬಹುದು. ಅಲ್ಲಿಯ ನವಲಿಂಗ ದೇವಾಲಯಗಳು ರಾಷ್ಟ್ರಕೂಟರ ಕಾಲದವು.

ಮಹಾವೀರಾಚಾರ್ಯನು ಶುಷ್ಕ ಪಂಡಿತನಲ್ಲ. ಮಾವಿನ ಹಣ್ಣು, ತಾವರೆ, ದುಂಬಿ ಎಲ್ಲವೂ ಆತನ ಲೆಕ್ಕಗಳಲ್ಲಿ ಬಂದುಹೋಗುತ್ತವೆ. ಪ್ರಣಯಕಲಹದಲ್ಲಿ ಹರಿದ ಮುತ್ತಿನ ಹಾರದಲ್ಲಿ ಎಷ್ಟು ಮುತ್ತುಗಳಿದ್ದವೆಂದು ವಿದ್ಯಾರ್ಥಿಯನ್ನು ಕೇಳುವ ರಸಿಕತೆಯೂ ಆತನಿಗೆ ಇತ್ತು. ಗುಣಾಕಾರವನ್ನು ಕಲಿಸುವಾಗಲಂತೂ ಆತನು ಅಕ್ಕಸಾಲಿಗನೇ ಆಗಿಬಿಡುತ್ತಾನೆ. ಒಂದು ಸಂಖ್ಯೆಯನ್ನೂ ಅದಕ್ಕೆ ಗುಣಕವನ್ನೂ ಕೊಟ್ಟು, ಗುಣಿಸಿ ಬಂದ ಫಲವನ್ನು ‘ಕಂಠಾಭರಣ’ವೆಂದು ಕರೆಯುತ್ತಾನೆ. ಏಕೆಂದರೆ ಆ ಫಲವು ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಕೊರಳ ಹಾರದಂತೆ ಎರಡು ಬದಿಗಳೂ ಸಮ. ೧೩೯ನ್ನು ೧೦೯ರಿಂದ ಗುಣಿಸಿರಿ, ೧೫೧೫೧ ಬರುತ್ತದೆ. ೧೧೦೧೧೦೧೧ನ್ನು ೯೧ರಿಂದ ಗುಣಿಸಿದರೆ ೧೦೦೨೦೦೨೦೦೧. ಇದು ರಾಜಕುಮಾರನಿಗೆ ತಕ್ಕ ಕಂಠಾಭರಣವೆಂದು ಆಚಾರ್ಯನ ಮೆಚ್ಚುಗೆ. ೨೭೯೯೪೬೮೧ನ್ನು ೪೪೧ರಿಂದ ಗುಣಿಸಿದರೆ ೧೨೩೪೫೬೫೪೩೨೧, ನಡುವೆ ಪದಕವಿಟ್ಟ ಹಾರ. ಮನೆಯ ಮಕ್ಕಳು ಕಾಗದ ಪೆನ್ಸಿಲು ಹಿಡಿದು ೧೫೨೨೦೭ನ್ನು ೭೩ರಿಂದಲೂ, ೧೨೩೪೫೬೭೯ನ್ನು ೯ರಿಂದಲೂ ಗುಣಿಸಿ ನೋಡಲಿ. ಮೊದಲನೆಯದರಲ್ಲಿ ೧೧೧೧೧೧೧೧, ಎರಡನೆಯದರಲ್ಲಿ ೧೧೧೧೧೧೧೧೧. ಕನ್ನಡದ ಒಂದು ಎಂಬ ಅಂಕೆ ತಾನೇ ಒಂದು ಸಣ್ಣ ಬಳೆಯಂತಿರುವುದರಿಂದ, ಈ ಎರಡು ಹಾರಗಳು ನಮ್ಮ ಲಿಪಿಯಲ್ಲಿ ಮೆರೆಯುವಷ್ಟು ಬೇರೆಲ್ಲಿಯೂ ಮೆರೆಯಲಾರವೆಂದು ನನ್ನ ಅಭಿಮಾನ.

ಇಲ್ಲೊಂದು ಮಾತು ಹೇಳದೆ ಮುಂದುವರಿಯಲಾರೆ. ೧೨೩೪೫೬೫೪೩೨೧ ಎಂಬ ಪದಕದ ಹಾರವು ೧೧೧೧೧೧ರ ವರ್ಗ. ಇಂಥ ವರ್ಗಗಳನ್ನು ಇಪ್ಪತ್ತನೆಯ ಶತಮಾನದಲ್ಲಿ ಪ್ರೀತಿಯಿಂದ ಅಧ್ಯಯನ ಮಾಡಿದವರು ದೇವಳಾಲಿಯ ಶಾಲಾ ಉಪಾಧ್ಯಾಯರಾಗಿದ್ದ ದತ್ತಾತ್ರೇಯ ರಾಮಚಂದ್ರ ಕಾಪ್ರೇಕರರು. ಅವರು ಇವುಗಳಿಗೆ ಇಟ್ಟ ಹೆಸರು ‘ಡೆಮ್ಲೊ ಸಂಖ್ಯೆಗಳು’; ಆ ವಿಚಾರವು ಹೊಳೆದ ರೈಲು ನಿಲ್ದಾಣದ ಹೆಸರೇ ಅದು. ಒಬ್ಬರಿಗೆ ರಾಜಸಭೆ, ಇನ್ನೊಬ್ಬರಿಗೆ ರೈಲು ನಿಲ್ದಾಣ. ಸಾವಿರ ವರ್ಷಗಳ ಅಂತರದಲ್ಲಿ ಕೈಗೆ ಸಿಕ್ಕ ಹಾರ ಮಾತ್ರ ಒಂದೇ.

ಆಚಾರ್ಯನ ಪ್ರಶ್ನೆಯನ್ನು ಈಗ ತಿರುಗಿಸಿ ನೋಡೋಣ. ಆತನು ಮಣಿಗಳನ್ನು ಕೈಗೆ ಕೊಟ್ಟು ಹಾರವನ್ನು ಪೋಣಿಸೆನ್ನುತ್ತಾನೆ. ಹಾರವನ್ನೇ ಕೊಟ್ಟು ಮಣಿಗಳನ್ನು ಬಿಡಿಸಿಕೊಡಿರೆಂದು ಯಾರಾದರೂ ಕೇಳಿದರೆ? ೧೩೯ನ್ನು ೧೦೯ರಿಂದ ಗುಣಿಸುವುದು ಪ್ರಾಥಮಿಕ ಶಾಲೆಯ ಹುಡುಗನಿಗೆ ಒಂದು ನಿಮಿಷದ ಕೆಲಸ. ೧೫೧೫೧ ಯಾವ ಎರಡು ಸಂಖ್ಯೆಗಳ ಗುಣಲಬ್ಧವೆಂದು ಕೇಳಿದರೆ ಆತನ ಉಪಾಧ್ಯಾಯರೂ ಒಂದು ಗಳಿಗೆ ತಲೆ ಕೆರೆದುಕೊಳ್ಳಬೇಕಾದೀತು. ಪೋಣಿಸುವುದು ಸುಲಭ, ಬಿಚ್ಚುವುದು ಕಷ್ಟ. ಇನ್ನು ಕೆಲವು ಹಾರಗಳಂತೂ ಬಿಚ್ಚುವುದಕ್ಕೇ ಬರುವುದಿಲ್ಲ. ಅವುಗಳಲ್ಲಿ ಮಣಿಗಳೇ ಇಲ್ಲ, ಎಲ್ಲವೂ ಒಂದೇ ಎರಕ.

ಅಂಥವನ್ನು ಗಣಿತದಲ್ಲಿ ಅವಿಭಾಜ್ಯ ಸಂಖ್ಯೆಗಳೆನ್ನುತ್ತಾರೆ. ಗಂಗಾವತಿಯ ಅಕ್ಕಿ ಗಿರಣಿಯ ಅಂಗಳವನ್ನು ಕಲ್ಪಿಸಿಕೊಳ್ಳಿರಿ. ಮೂವತ್ತಾರು ಚೀಲಗಳು ಬಂದರೆ ಹಮಾಲರು ಆರಾರರ ಆರು ಸಾಲು ಮಾಡಬಹುದು, ಒಂಬತ್ತೊಂಬತ್ತರ ನಾಲ್ಕು ಸಾಲು ಮಾಡಬಹುದು. ಇನ್ನೊಂದು ಚೀಲ ಬಂದು ಮೂವತ್ತೇಳಾಯಿತೋ, ಎಲ್ಲ ಸಾಲುಗಳೂ ಕೆಟ್ಟವು. ಉದ್ದಕ್ಕೆ ಒಂದೇ ಸಾಲು ಹಾಕಿದರೆ ಉಂಟು, ಇಲ್ಲವಾದರೆ ಒಂದು ಚೀಲ ಉಳಿದೇ ಉಳಿಯುತ್ತದೆ. ಚೀಲದಲ್ಲಿರುವುದು ಗಂಗಾವತಿಯ ಭತ್ತವಾದರೇನು, ಕುಷ್ಟಗಿ ಯಲಬುರ್ಗಾಗಳ ಒಣಭೂಮಿಯ ಜೋಳ ಸಜ್ಜೆಯಾದರೇನು, ಮೂವತ್ತೇಳರ ಹಟ ಒಂದೇ. ಈ ಹಟಮಾರಿ ಸಂಖ್ಯೆಗಳಿಗೆ ಕೊನೆಯಿಲ್ಲವೆಂದು ಗ್ರೀಸಿನ ಯೂಕ್ಲಿಡ್ ಕ್ರಿಸ್ತಪೂರ್ವದಲ್ಲಿಯೇ ಸಾಧಿಸಿದ್ದನು. ಮಹಾವೀರಾಚಾರ್ಯನ ಗ್ರಂಥದಲ್ಲಿ ಇವಕ್ಕೆಂದೇ ಮೀಸಲಾದ ಅಧ್ಯಾಯವಿಲ್ಲ. ಪೂರ್ವಿಕರಲ್ಲಿ ಇಲ್ಲದ್ದನ್ನು ಉಂಟೆಂದು ಸಾಧಿಸುವ ಚಪಲ ನಮ್ಮಲ್ಲಿ ಬೇಡ. ಇರುವುದೇ ಸಾಕಷ್ಟು ಸೊಗಸಾಗಿದೆ.

ಬರಿಯ ಒಂದುಗಳಿಂದಲೇ ಆದ ಸರಗಳನ್ನು ತೆಗೆದುಕೊಳ್ಳೋಣ. ಇವುಗಳಿಗೆ ೧೯೬೬ರಲ್ಲಿ ‘ರೆಪ್ಯೂನಿಟ್’ ಎಂಬ ಇಂಗ್ಲಿಷ್ ಹೆಸರು ಬಂದಿತು. ನಾವು ಒಂದುಗಳ ಸರವೆಂದೇ ಕರೆಯೋಣ. ಇವುಗಳಲ್ಲಿ ಯಾವುದು ಅವಿಭಾಜ್ಯ? ೧೧ ಅವಿಭಾಜ್ಯವೆಂಬುದು ಸ್ಪಷ್ಟ. ಸರದ ಉದ್ದವೇ ಭಾಗವಾಗುವಂತಿದ್ದರೆ ಸರವೂ ಬಿಚ್ಚಿಕೊಳ್ಳುತ್ತದೆ. ಆರು ಒಂದುಗಳನ್ನು ಮೂರರ ಎರಡು ತುಂಡು ಮಾಡಿದರೆ ೧೧೧ × ೧೦೦೧, ಎರಡರ ಮೂರು ತುಂಡು ಮಾಡಿದರೆ ೧೧ × ೧೦೧೦೧. ಆದುದರಿಂದ ಉದ್ದವು ಅವಿಭಾಜ್ಯವಾಗಿರುವ ಸರಗಳನ್ನಷ್ಟೇ ಪರೀಕ್ಷಿಸಿದರೆ ಸಾಕು. ಅವೂ ಒಂದೊಂದಾಗಿ ನಿರಾಶೆಗೊಳಿಸುತ್ತವೆ. ಮೂರು ಒಂದುಗಳದು ೩ × ೩೭. ಐದರದು ೪೧ × ೨೭೧. ಏಳರದು ೨೩೯ × ೪೬೪೯. ಹನ್ನೊಂದರದು ೨೧೬೪೯ × ೫೧೩೨೩೯. ಹದಿಮೂರರಲ್ಲಿ ೫೩, ೭೯, ೨೬೫೩೭೧೬೫೩ ಎಂಬ ಮೂರು ಮಣಿಗಳು. ಹದಿನೇಳು ಒಂದುಗಳ ಸರವಂತೂ ಬಹಳ ದೂರ ಬಿಗಿಯಾಗಿ ನಿಂತು, ಕಡೆಗೆ ೨೦೭೧೭೨೩ × ೫೩೬೩೨೨೨೩೫೭ ಎಂದು ಶರಣಾಗುತ್ತದೆ.

ಅನಂತರ ಬರುವುದೇ ಹತ್ತೊಂಬತ್ತು ಒಂದುಗಳ ಸರ:

೧೧೧೧೧೧೧೧೧೧೧೧೧೧೧೧೧೧೧

ಇದು ಬಿಚ್ಚುವುದಿಲ್ಲ. ಒಂದು ಮತ್ತು ತನ್ನನ್ನು ಬಿಟ್ಟು ಇನ್ನಾವುದರಿಂದಲೂ ಇದು ನಿಶ್ಶೇಷವಾಗಿ ಭಾಗವಾಗದು.

ಇಂಥ ಸಂಖ್ಯೆಯನ್ನು ಬಾಯಿಬಿಟ್ಟು ಓದುವುದೆಂತು? ಕೋಟಿಯಾದ ಮೇಲೆ ನಮ್ಮ ನಾಲಿಗೆ ತಡವರಿಸುತ್ತದೆ. ಆದರೆ ಮಹಾವೀರಾಚಾರ್ಯನು ಏಕದಿಂದ ಮೊದಲುಮಾಡಿ ಮಹಾಕ್ಷೋಭದವರೆಗೆ ಇಪ್ಪತ್ತನಾಲ್ಕು ಸ್ಥಾನಗಳಿಗೆ ಹೆಸರಿಟ್ಟಿದ್ದಾನೆ. ಆತನ ಕ್ರಮದಲ್ಲಿ ನಮ್ಮ ಸರವನ್ನು ಎಡದಿಂದ ಓದಿದರೆ ಹೀಗಾಗುತ್ತದೆ: ಶಂಖ, ಮಹಾಕ್ಷೋಣಿ, ಕ್ಷೋಣಿ, ಮಹಾಪದ್ಮ, ಪದ್ಮ, ಮಹಾಖರ್ವ, ಖರ್ವ, ನ್ಯರ್ಬುದ, ಅರ್ಬುದ, ಶತಕೋಟಿ, ದಶಕೋಟಿ, ಕೋಟಿ, ದಶಲಕ್ಷ, ಲಕ್ಷ, ದಶಸಹಸ್ರ, ಸಹಸ್ರ, ಶತ, ದಶ, ಏಕ. ಪ್ರತಿಯೊಂದು ಸ್ಥಾನದಲ್ಲಿಯೂ ಒಂದೊಂದು. ಇದರ ಮುಂದಿನ ಅವಿಭಾಜ್ಯ ಸರ ಇಪ್ಪತ್ತಮೂರು ಒಂದುಗಳದು. ಅದೂ ಕ್ಷೋಭ ಎಂಬ ಇಪ್ಪತ್ತಮೂರನೆಯ ಸ್ಥಾನದಲ್ಲಿ ಆರಂಭವಾಗಿ ಆಚಾರ್ಯನ ಪಟ್ಟಿಯೊಳಗೇ ಅಡಗುತ್ತದೆ. ಅದಾದ ಬಳಿಕದ ಸರಕ್ಕೆ ಮುನ್ನೂರ ಹದಿನೇಳು ಒಂದುಗಳು ಬೇಕು. ಎಂದರೆ, ಕೊರಳ ಹಾರದಲ್ಲಿ ಸಂಖ್ಯೆಯ ಸೊಬಗನ್ನು ಕಂಡ ಆ ಪಂಡಿತನ ಕೋಷ್ಟಕದಲ್ಲಿ, ಮುನ್ನೂರು ಸ್ಥಾನಗಳ ಈಚೆಗೆ ಇರುವ ಬಿಚ್ಚಲಾಗದ ಸರಗಳೆಲ್ಲಕ್ಕೂ ಹೆಸರುಗಳು ಸಿದ್ಧವಾಗಿದ್ದವು. ಇದು ಆಕಸ್ಮಿಕವೆಂಬುದನ್ನು ಬಲ್ಲೆ. ಆದರೂ ಪಟ್ಟಿಯನ್ನು ಎಣಿಸಿ ನೋಡಿದಾಗ ಮೈ ಝುಮ್ಮೆನ್ನದೆ ಇರಲಿಲ್ಲ.

ಬಿಚ್ಚುವುದಿಲ್ಲವೆಂದು ಹೇಳುವುದೇನೋ ಸರಿ, ಅದಕ್ಕೆ ಪ್ರಮಾಣವೇನು? ಮೊಂಡು ದಾರಿಯೊಂದಿದೆ. ಯಾವುದಾದರೂ ಸಣ್ಣ ಮಣಿ ಇದ್ದರೆ ಅದು ಸಂಖ್ಯೆಯ ವರ್ಗಮೂಲವನ್ನು ಮೀರದು. ಇಲ್ಲಿ ವರ್ಗಮೂಲ ಸುಮಾರು ೧೦೫ ಕೋಟಿ. ಅದರೊಳಗೆ ಇರುವ ಅವಿಭಾಜ್ಯ ಸಂಖ್ಯೆಗಳು ಐದು ಕೋಟಿಗೂ ಹೆಚ್ಚು. ಒಂದೊಂದರಿಂದಲೂ ಭಾಗಿಸಿ ಶೇಷವನ್ನು ನೋಡಬೇಕು. ನಿಮಿಷಕ್ಕೊಂದು ಭಾಗಾಕಾರದಂತೆ ಹಗಲಿರುಳೂ ಕುಳಿತರೆ ನೂರು ವರ್ಷ ಹಿಡಿಯುತ್ತದೆ. ತುಸು ಬುದ್ಧಿ ಉಪಯೋಗಿಸಿದರೆ ಹೊರೆ ಇಳಿಯುತ್ತದೆ. ಹಿಂದೆ ಕಂಡ ಮಣಿಗಳನ್ನು ಗಮನಿಸಿರಿ: ಐದರ ಸರದ ೪೧, ೨೭೧ ಇವುಗಳನ್ನು ಹತ್ತರಿಂದ ಭಾಗಿಸಿದರೆ ಶೇಷ ಒಂದು, ಏಳರ ಸರದ ೨೩೯, ೪೬೪೯ ಇವುಗಳನ್ನು ಹದಿನಾಲ್ಕರಿಂದ ಭಾಗಿಸಿದರೂ ಶೇಷ ಒಂದು. ಮೂರರ ಸರವೊಂದನ್ನು ಬಿಟ್ಟರೆ, ಅವಿಭಾಜ್ಯ ಉದ್ದದ ಈ ಸರಗಳ ಮಣಿಗಳೆಲ್ಲವೂ ಉದ್ದದ ಇಮ್ಮಡಿಯಿಂದ ಭಾಗಿಸಿದಾಗ ಒಂದನ್ನೇ ಉಳಿಸುತ್ತವೆ. ಆದುದರಿಂದ ಹತ್ತೊಂಬತ್ತರ ಸರಕ್ಕೆ, ಮೂವತ್ತೆಂಟರಿಂದ ಭಾಗಿಸಿ ಒಂದು ಉಳಿಯುವ ಅವಿಭಾಜ್ಯಗಳನ್ನಷ್ಟೇ ನೋಡಿದರೆ ಸಾಕು. ಆದರೂ ಸುಮಾರು ಮೂವತ್ತು ಲಕ್ಷ ಭಾಗಾಕಾರಗಳು ಉಳಿಯುತ್ತವೆ.

ಇದಕ್ಕಿಂತ ಚೆಲುವಾದ ದಾರಿಯನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಫ್ರಾನ್ಸಿನ ಎದುವಾರ್ ಲ್ಯೂಕಾ ತೋರಿಸಿದನು. ಅದರ ಮರ್ಮವಿಷ್ಟು: ಒಂದು ಸಂಖ್ಯೆ ಅವಿಭಾಜ್ಯವೋ ಅಲ್ಲವೋ ಎಂಬುದನ್ನು ಅದರ ಹಿಂದಿನ ಸಂಖ್ಯೆಯ ಮಣಿಗಳನ್ನು ಕೇಳಿ ತಿಳಿಯಬಹುದು. ಏಳನ್ನೇ ತೆಗೆದುಕೊಳ್ಳೋಣ. ಅದರ ಹಿಂದಿನದು ಆರು. ಆರರ ಮಣಿಗಳು ಎರಡು ಮತ್ತು ಮೂರು. ಮೂರನ್ನು ಆರು ಸಲ ಗುಣಿಸಿಕೊಂಡರೆ ೭೨೯. ಏಳರಿಂದ ಭಾಗಿಸಿದರೆ ಶೇಷ ಒಂದು. ಆರನ್ನು ಎರಡರಿಂದ ಭಾಗಿಸಿ ಬಂದ ಮೂರು ಸಲದ ಗುಣಾಕಾರ ೨೭, ಶೇಷ ಆರು. ಆರನ್ನು ಮೂರರಿಂದ ಭಾಗಿಸಿ ಬಂದ ಎರಡು ಸಲದ ಗುಣಾಕಾರ ೯, ಶೇಷ ಎರಡು. ಪೂರ್ಣ ಸುತ್ತಿನಲ್ಲಿ ಒಂದು ಬಂದು, ಒಳಸುತ್ತುಗಳಲ್ಲಿ ಒಂದು ಬಾರದಿದ್ದರೆ ಆ ಸಂಖ್ಯೆ ಅವಿಭಾಜ್ಯವೇ ಸರಿ. ಹತ್ತೊಂಬತ್ತು ಅಂಕೆಗಳ ಸಂಖ್ಯೆಗೂ ಇದೇ ನಿಯಮ. ವರ್ಗದ ಮೇಲೆ ವರ್ಗ ಮಾಡುತ್ತ, ಹೆಜ್ಜೆಹೆಜ್ಜೆಗೂ ಶೇಷವನ್ನಷ್ಟೇ ಉಳಿಸಿಕೊಳ್ಳುತ್ತ ಹೋದರೆ ಒಂದೊಂದು ಸುತ್ತಿಗೆ ಅರವತ್ತರಷ್ಟು ವರ್ಗಗಳು ಸಾಕು. ಸಾವಿರದ ಆಸುಪಾಸಿನ ಗುಣಾಕಾರಗಳಲ್ಲಿ, ತಾಳ್ಮೆಯುಳ್ಳ ಒಬ್ಬ ಮನುಷ್ಯನು ವರ್ಷದೊಳಗೆ ಮುಗಿಸಬಲ್ಲ ಕೆಲಸ.

ಇದಕ್ಕೆ ಬೇಕಾದದ್ದು ಹಿಂದಿನ ಸಂಖ್ಯೆಯ ಮಣಿಗಳು ತಾನೆ? ಹತ್ತೊಂಬತ್ತು ಒಂದುಗಳಿಂದ ಒಂದನ್ನು ಕಳೆದರೆ ಕೊನೆಯಲ್ಲಿ ಸೊನ್ನೆ ಉಳಿಯುತ್ತದೆ. ಅದು ಹದಿನೆಂಟು ಒಂದುಗಳ ಸರದ ಹತ್ತರಷ್ಟು. ಹದಿನೆಂಟನ್ನು ನಡುವೆ ಮುರಿದರೆ ಒಂಬತ್ತು ಒಂದುಗಳ ಸರ, ಗುಣಿಸು ೧೦೦೦೦೦೦೦೦೧. ಓದುಗರು ಈಗ ಮಹಾವೀರಾಚಾರ್ಯನ ಪುಟಕ್ಕೆ ಹಿಂದಿರುಗಬೇಕು. ಒಂಬತ್ತು ಒಂದುಗಳ ಸರವನ್ನು ಆತನು ೧೨೩೪೫೬೭೯ × ೯ ಎಂದು ಪೋಣಿಸಿದ್ದನ್ನು ಆಗಲೇ ಕಂಡೆವು. ಆತನ ಇನ್ನೊಂದು ಕಂಠಾಭರಣ ೧೪೨೮೫೭೧೪೩ × ೭. ಗುಣಿಸಿದರೆ ಬರುವುದು ೧೦೦೦೦೦೦೦೦೧! ಬಿಚ್ಚಲಾಗದ ಮಹಾಸರದ ಹಿಂದೆಯೇ ನಿಂತಿರುವ ಸಂಖ್ಯೆ, ಆಚಾರ್ಯನ ಎರಡು ಹಾರಗಳನ್ನು ಗುಣಿಸಿ, ಕೊನೆಗೊಂದು ಸೊನ್ನೆಯನ್ನಿಟ್ಟರೆ ಆಗುವ ಸಂಖ್ಯೆ. ಆ ಹಾರಗಳನ್ನು ಪೂರ್ತಿಯಾಗಿ ಬಿಚ್ಚಿದರೆ ದೊರೆಯುವ ಮಣಿಗಳು ೩, ೩೭, ೩೩೩೬೬೭ ಒಂದು ಕಡೆ; ೭, ೧೧, ೧೩, ೧೯, ೫೨೫೭೯ ಇನ್ನೊಂದು ಕಡೆ. ಹತ್ತರ ೨ ಮತ್ತು ೫ ಸೇರಿ ಬಗೆಬಗೆಯ ಮಣಿಗಳು ಒಟ್ಟು ಹತ್ತು. ಲ್ಯೂಕಾನ ದಾರಿಯಲ್ಲಿ ಹೋಗುವವರಿಗೆ ಈ ಹತ್ತೇ ಕೀಲಿಕೈಗಳು. ಆಚಾರ್ಯನು ಬೀಗವನ್ನು ಕಂಡವನಲ್ಲ. ಆದರೆ ಕೀಲಿಕೈಗಳ ಗೊಂಚಲನ್ನು ಮಾತ್ರ ಮಕ್ಕಳ ಆಟಕ್ಕೆಂದು ನೃಪತುಂಗನ ಕಾಲದಲ್ಲಿಯೇ ಜಗಲಿಯ ಮೇಲಿಟ್ಟು ಹೋಗಿದ್ದನು.

ಹತ್ತೊಂಬತ್ತರ ಸರವು ಅವಿಭಾಜ್ಯವೆಂದು ೧೯೧೬ರಲ್ಲಿ ಹೋಪ್ಪೆ ಎಂಬುವನು ಸಾಧಿಸಿದನು. ಇಪ್ಪತ್ತಮೂರರ ಸರವನ್ನು ೧೯೨೯ರಲ್ಲಿ ಲೇಮರ್ ಮತ್ತು ಕ್ರೈಚಿಕ್ ಎಂಬಿಬ್ಬರು ಬೇರೆಬೇರೆಯಾಗಿ ಗೆದ್ದರು. ಗಣಿತಸಾರಸಂಗ್ರಹವು ಅಚ್ಚಿನ ಮೊಗವನ್ನು ಕಂಡದ್ದೂ ಆ ಕಾಲದಲ್ಲಿಯೇ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಎಂ. ರಂಗಾಚಾರ್ಯರು ಹಸ್ತಪ್ರತಿಗಳನ್ನು ಹೋಲಿಸಿ, ಇಂಗ್ಲಿಷ್ ಅನುವಾದದೊಡನೆ ೧೯೧೨ರಲ್ಲಿ ಅದನ್ನು ಪ್ರಕಟಿಸಿದರು. ತೆಲುಗರು ಈ ವಿಷಯದಲ್ಲಿ ನಮಗಿಂತ ಚುರುಕು. ಪಾವುಲೂರಿ ಮಲ್ಲನನು ಶತಮಾನಗಳ ಹಿಂದೆಯೇ ಅದನ್ನು ತೆಲುಗು ಪದ್ಯಕ್ಕೆ ಇಳಿಸಿದ್ದನು. ಕನ್ನಡದಲ್ಲಿ ಹನ್ನೆರಡನೆಯ ಶತಮ���ನದ ರಾಜಾದಿತ್ಯನು ವ್ಯವಹಾರಗಣಿತ ಮೊದಲಾದ ಸ್ವತಂತ್ರ ಗ್ರಂಥಗಳನ್ನು ಬರೆದನೇನೋ ಉಂಟು. ಮಹಾವೀರಾಚಾರ್ಯನ ಗ್ರಂಥವನ್ನು ಇಂದಿನ ಕನ್ನಡದ ಅನುವಾದ, ಟಿಪ್ಪಣಿಗಳೊಡನೆ ಓದಬಯಸುವವರಿಗೆ ಡಾ. ಪದ್ಮಾವತಮ್ಮನವರು ಸಂಪಾದಿಸಿ ಹೊಂಬುಜದಿಂದ ೨೦೦೦ದಲ್ಲಿ ಹೊರಬಂದ ಆವೃತ್ತಿ ಇದೆ.

ಇದರಿಂದ ಪ್ರಯೋಜನವೇನೆಂದು ಕೇಳುವ ಗೃಹಸ್ಥರು ಎಲ್ಲ ಮನೆಗಳಲ್ಲಿಯೂ ಇರುತ್ತಾರೆ. ಅವರಿಗೆ ಉತ್ತರ ಅವರ ಜೇಬಿನಲ್ಲಿರುವ ಮೊಬೈಲ್ ಫೋನಿನಲ್ಲಿದೆ. ಪೋಣಿಸುವುದು ಸುಲಭ, ಬಿಚ್ಚುವುದು ಕಷ್ಟ ಎಂದೆವಲ್ಲ. ೧೯೭೭ರಲ್ಲಿ ರಿವೆಸ್ಟ್, ಶಮೀರ್, ಆಡಲ್‌ಮನ್ ಎಂಬ ಮೂವರು ಆ ಕಷ್ಟವನ್ನೇ ಬೀಗವಾಗಿ ಮಾಡಿದರು. ಎರಡು ಭಾರಿ ಅವಿಭಾಜ್ಯಗಳನ್ನು ಗುಣಿಸಿ, ಬಂದ ಫಲವನ್ನು ಊರಿಗೆಲ್ಲ ಸಾರಿದರೂ ಮಣಿಗಳನ್ನು ಬಲ್ಲವನೊಬ್ಬನೇ ರಹಸ್ಯವನ್ನು ತೆರೆಯಬಲ್ಲ. ನೂರಾರು ಅಂಕೆಗಳ ಇಂಥ ಬೀಗಗಳು ಬ್ಯಾಂಕುಗಳ ಸಂದೇಶಗಳನ್ನು ಕಾಯುವ ಕೆಲಸಕ್ಕೆ ಬಂದವು. ಬೀಗಕ್ಕೆ ಅವಿಭಾಜ್ಯಗಳು ಬೇಕು. ಅವಿಭಾಜ್ಯವೆಂದು ಗುರುತಿಸುವ ಪರೀಕ್ಷೆಯೂ ಬೇಕು. ಯಾವ ಸಂಖ್ಯೆಗೂ ಹೊಂದುವ, ಸಂದೇಹಕ್ಕೆ ಎಡೆಯಿಲ್ಲದ, ಹಿಡಿತಕ್ಕೆ ಮೀರದ ಕಾಲದಲ್ಲಿ ಮುಗಿಯುವ ಪರೀಕ್ಷೆಯೊಂದನ್ನು ೨೦೦೨ರಲ್ಲಿ ಮೊದಲ ಬಾರಿಗೆ ಕೊಟ್ಟವರು ಕಾನ್ಪುರದ ಐ.ಐ.ಟಿ.ಯ ಮಣೀಂದ್ರ ಅಗರವಾಲ್ ಮತ್ತು ಅವರ ಇಬ್ಬರು ಶಿಷ್ಯರಾದ ನೀರಜ್ ಕಯಾಲ್, ನಿತಿನ್ ಸಕ್ಸೇನಾ.

ಒಂದುಗಳ ಸರಗಳು ಮಾತ್ರ ಬೀಗಕ್ಕೆ ಬಾರವು. ಇಷ್ಟು ಎದ್ದು ಕಾಣುವ ಸಂಖ್ಯೆಯನ್ನು ಕೀಲಿಕೈಯಾಗಿ ಇಟ್ಟುಕೊಳ್ಳುವವನು ಬೀಗವನ್ನು ಹಾಕದಿದ್ದರೂ ಆದೀತು. ಅವುಗಳನ್ನು ಅರಸುವವರು ಬರಿಯ ಸಂತೋಷಕ್ಕಾಗಿ ಅರಸುತ್ತಾರೆ. ಮುನ್ನೂರ ಹದಿನೇಳರ ಸರವನ್ನು ೧೯೭೦ರ ದಶಕದ ಕೊನೆಯಲ್ಲಿ ಹ್ಯೂ ವಿಲಿಯಮ್ಸ್ ಸಾಧಿಸಿದನು. ೧೯೮೬ರಲ್ಲಿ ಆತನೇ ಹಾರ್ವೆ ಡಬ್ನರ್ ಎಂಬುವನೊಡಗೂಡಿ ೧೦೩೧ರ ಸರವನ್ನು ಗೆದ್ದನು. ೪೯೦೮೧ರ ಸರವು ೨೦೨೨ರಲ್ಲಿ, ೮೬೪೫೩ರ ಸರವು ೨೦೨೩ರಲ್ಲಿ ಸಿದ್ಧವಾದವು. ಇನ್ನೊಂದು ಸ್ವಾರಸ್ಯವುಂಟು. ಗಣಕಯಂತ್ರಗಳು ಎಣಿಸುವುದು ಸೊನ್ನೆ ಒಂದುಗಳೆಂಬ ಎರಡೇ ಅಂಕೆಗಳಲ್ಲಿ. ೨೦೨೪ರ ಅಕ್ಟೋಬರಿನಲ್ಲಿ ಪ್ರಕಟವಾದಾಗ ಜಗತ್ತಿನ ಅತ್ಯಂತ ದೊಡ್ಡ ಅವಿಭಾಜ್ಯವೆನಿಸಿದ, ನಮ್ಮ ಕ್ರಮದಲ್ಲಿ ೪,೧೦,೨೪,೩೨೦ ಅಂಕೆಗಳುಳ್ಳ ಸಂಖ್ಯೆಯನ್ನು ಆ ಯಂತ್ರಭಾಷೆಯಲ್ಲಿ ಬರೆದರೆ, ಅದೂ ಸೊನ್ನೆಯೊಂದೂ ಬೆರೆಯದ ೧೩,೬೨,೭೯,೮೪೧ ಒಂದುಗಳ ಸರವೇ.

ಹತ್ತರ ಕ್ರಮದ ಸರಗಳಿಗೆ ಕೊನೆಯುಂಟೇ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ೨೦೨೧ರಲ್ಲಿ ರಯಾನ್ ಪ್ರಾಪರ್, ಸರ್ಗೇ ಬಟಾಲೊವ್ ಎಂಬವರು ೮೧,೭೭,೨೦೭ ಒಂದುಗಳ ಸರವೊಂದನ್ನು ಹೊರತೆಗೆದರು. ಅದು ಅವಿಭಾಜ್ಯದ ಲಕ್ಷಣಗಳನ್ನೆಲ್ಲ ತೋರಿದೆ. ಆದರೆ ಲಕ್ಷಣ ಬೇರೆ, ಸಾಧನೆ ಬೇರೆ. ಪುಟಕ್ಕೆ ಐದು ಸಾವಿರ ಅಂಕೆಗಳಂತೆ ಅದನ್ನು ಅಚ್ಚುಹಾಕಲು ಸಂಪಾದಕರು ಒಪ್ಪಿದರೆ ಸಾವಿರದ ಆರುನೂರಕ್ಕೂ ಮಿಕ್ಕ ಪುಟಗಳು ಬೇಕಾಗುತ್ತವೆ, ಮತ್ತು ಅಚ್ಚುಮೊಳೆ ಜೋಡಿಸುವವನಿಗೆ ಒಂದೇ ಒಂದು ಅಂಕೆ ಸಾಕಾಗುತ್ತದೆ.